ಹತ್ತನೇ ಕ್ಲಾಸಿಗೇ ನಿಂತುಹೋದ ವಿಶ್ವಾಸ

ಮುಂಬಯಿಯ ಕಥೊಲಿಕ ಮನೆಗಳಲ್ಲಿ ಒಂದು ಫೈಲು ಇರುತ್ತದೆ. ಕಪಾಟಿನ ಮೇಲರೆಯಲ್ಲಿ, ರೇಷನ್ ಕಾರ್ಡು, ಸೊಸೈಟಿಯ ಶೇರು ಪತ್ರಗಳ ಪಕ್ಕದಲ್ಲಿ. ಅದರೊಳಗೆ ಮಕ್ಕಳ ಜ್ಞಾನಸ್ನಾನದ ಸರ್ಟಿಫಿಕೇಟು, ಮೊದಲ ಪರಮಪ್ರಸಾದದ್ದು, ದೃಢೀಕರಣದ್ದು. ಶಾಲೆಗೆ ಸೇರಿಸುವಾಗ ಮೊದಲನೆಯದು ಬೇಕು. ಅಲ್ಪಸಂಖ್ಯಾತರ ಕೋಟಾದಲ್ಲಿ ಜೂನಿಯರ್ ಕಾಲೇಜಿನ ಸೀಟು ಹಿಡಿಯುವಾಗ ಅದೇ ಮತ್ತೆ ಬೇಕು. ಮದುವೆಗೆ ಮೂರೂ ಬೇಕು. ದೃಢೀಕರಣದಿಂದ ಮದುವೆಯವರೆಗೆ, ಮದುವೆಯಿಂದ ಮಣ್ಣಿನವರೆಗೆ ಆ ಫೈಲಿಗೆ ಹೊಸ ಕಾಗದ ಸೇರುವುದಿಲ್ಲ. ಕಾಗದ ಸೇರದಿದ್ದರೆ ಹೋಗಲಿ, ನಮ್ಮಲ್ಲಿ ಬಹಳ ಜನರ ವಿಷಯದಲ್ಲಿ ವಿಶ್ವಾಸಕ್ಕೂ ಅಲ್ಲಿಂದಾಚೆ ಏನೂ ಸೇರುವುದಿಲ್ಲ ಎಂಬುದು ನನ್ನ ತಕರಾರು.

ಕ್ರೈಸ್ತರಲ್ಲದ ಓದುಗರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಕೂಸಾಗಿದ್ದಾಗ ಜ್ಞಾನಸ್ನಾನ ಕೊಡಿಸುತ್ತಾರೆ. ಏಳೆಂಟು ವರ್ಷಕ್ಕೆ ಪರಮಪ್ರಸಾದ. ಭಾನುವಾರಗಳಲ್ಲಿ ಧರ್ಮೋಪದೇಶದ ತರಗತಿ ನಡೆಯುತ್ತದೆ, ನಮ್ಮ ಮಂಗಳೂರು ಕೊಂಕಣಿಯಲ್ಲಿ ಅದು ‘ದೊತೊರ್ನ್’. ಹೆಚ್ಚುಕಡಿಮೆ ಹತ್ತನೇ ತರಗತಿಯ ಹೊತ್ತಿಗೆ ಬಿಷಪರು ಬಂದು ಹಣೆಗೆ ತೈಲ ಹಚ್ಚಿ ದೃಢೀಕರಣ ಮಾಡುತ್ತಾರೆ. ಇನ್ನು ಮೇಲೆ ನೀನು ಪ್ರೌಢ, ನಿನ್ನ ವಿಶ್ವಾಸವನ್ನು ನೀನೇ ಹೊತ್ತು ನಡೆ ಎಂಬುದು ಆ ಸಂಸ್ಕಾರದ ಅರ್ಥ. ನಾವು ಮಾಡಿಕೊಂಡಿರುವ ಅರ್ಥ ಬೇರೆ: ಪರೀಕ್ಷೆ ಮುಗಿಯಿತು, ಇನ್ನು ಪುಸ್ತಕ ಮುಚ್ಚಬಹುದು.

ಆ ಹುಡುಗ ಮುಂದೆ ಹೃದಯತಜ್ಞನಾಗುತ್ತಾನೆ ಎನ್ನಿ. ಪ್ರತಿವರ್ಷ ಹೊಸ ಸಂಶೋಧನೆ ಓದುತ್ತಾನೆ, ಸಮ್ಮೇಳನಗಳಿಗೆ ಹೋಗುತ್ತಾನೆ, ಇಪ್ಪತ್ತು ವರ್ಷದ ಹಿಂದಿನ ಔಷಧಿಯನ್ನು ಇವತ್ತು ಬರೆದುಕೊಟ್ಟರೆ ತಪ್ಪೆಂದು ಅವನಿಗೆ ಗೊತ್ತು. ಅವಳು ಲೆಕ್ಕಪರಿಶೋಧಕಿಯಾದರೆ ಪ್ರತಿ ಬಜೆಟ್ಟಿನ ಮರುದಿನ ಹೊಸ ನಿಯಮ ಕಲಿಯುತ್ತಾಳೆ. ಅದೇ ಜನ ದೇವರ ಬಗ್ಗೆ, ಪಾಪದ ಬಗ್ಗೆ, ಸಾವಿನ ಬಗ್ಗೆ, ಪಕ್ಕದ ಮನೆಯ ಮುಸಲ್ಮಾನನ ಬಗ್ಗೆ ಐವತ್ತರ ವಯಸ್ಸಿನಲ್ಲೂ ಹದಿನೈದನೇ ವಯಸ್ಸಿನ ಉತ್ತರಗಳನ್ನೇ ಇಟ್ಟುಕೊಂಡಿರುತ್ತಾರೆ. ಒಂದು ದಿನ ಮಗುವಿಗೆ ರಕ್ತದ ಕ್ಯಾನ್ಸರ್ ಬರುತ್ತದೆ, ಅಥವಾ ಗಂಡ ಬಿಟ್ಟುಹೋಗುತ್ತಾನೆ. ಹದಿನೈದರ ಅಂಗಿ ಐವತ್ತರ ಮೈಗೆ ಹಿಡಿಸುವುದಿಲ್ಲ, ಹರಿಯುತ್ತದೆ. ಆಗ ‘ದೇವರೇ ಇಲ್ಲ’ ಎಂದು ಹೊರಗೆ ಹೋಗುತ್ತಾರೆ, ಇಲ್ಲವೇ ಹರಿದದ್ದು ಯಾರಿಗೂ ಕಾಣದಂತೆ ಮೇಲೊಂದು ಕೋಟು ಹಾಕಿ ಭಾನುವಾರದ ಪೂಜೆಗೆ ಬರುತ್ತಾರೆ. ಎರಡನೆಯವರ ಸಂಖ್ಯೆ ಹೆಚ್ಚು.

ಕೊರಿಂಥದ ಸಭೆಗೆ ಬರೆಯುತ್ತಾ ಸಂತ ಪೌಲ ಈ ಸಂಗತಿಯನ್ನು ಸಿಟ್ಟಿನಿಂದಲೇ ಎತ್ತುತ್ತಾನೆ. ಅವರು ಇನ್ನೂ ಎಳೆಗೂಸುಗಳು, ಗಟ್ಟಿ ಊಟ ಅರಗುವುದಿಲ್ಲ ಎಂದೇ ಹಾಲು ಕುಡಿಸಬೇಕಾಯಿತು ಎಂಬುದು ಅವನ ದೂರು. ಗಮನಿಸಿ, ಆ ಮಾತು ಬಂದದ್ದು ಅವರೊಳಗಿನ ಹೊಟ್ಟೆಕಿಚ್ಚು, ಗುಂಪುಗಾರಿಕೆಯನ್ನು ಕಂಡು. ಬೆಳೆದಿಲ್ಲ ಎನ್ನುವುದಕ್ಕೆ ಅವನು ಕೊಟ್ಟ ಸಾಕ್ಷಿ ಜಗಳವೇ ಹೊರತು ಪ್ರಾರ್ಥನೆಯ ಕೊರತೆಯಲ್ಲ. ಇದನ್ನು ಕೊನೆಯವರೆಗೂ ನೆನಪಿನಲ್ಲಿಟ್ಟುಕೊಳ್ಳಿ.

‘ಆಧ್ಯಾತ್ಮಿಕ ಬೆಳವಣಿಗೆಯೆಲ್ಲ ಪಾದ್ರಿಗಳಿಗೆ, ಸಿಸ್ಟರುಗಳಿಗೆ. ನಾವು ಸಂಸಾರಿಗಳು, ಹತ್ತು ಆಜ್ಞೆ ಪಾಲಿಸಿದರೆ ಸಾಕು.’ ಇದು ನಮ್ಮಲ್ಲಿ ಅತಿ ಹೆಚ್ಚು ಕೇಳುವ ಮಾತು, ವಿನಯದಂತೆ ಕೇಳಿಸುವ ಮಾತೂ ಹೌದು. ಇದಕ್ಕೆ ಉತ್ತರ ಮುಂಬಯಿಯ ಇತಿಹಾಸದಲ್ಲೇ ಇದೆ. 1964ರ ಡಿಸೆಂಬರ್ 2ರಂದು ಆರನೇ ಪೌಲ್ ಜಗದ್ಗುರುಗಳು ಬೊಂಬಾಯಿಗೆ ಬಂದಿಳಿದರು. ಭಾರತಕ್ಕೆ ಬಂದ ಮೊದಲ ಪೋಪ್ ಅವರೇ. ಓವಲ್ ಮೈದಾನದಲ್ಲಿ ಅಂತಾರಾಷ್ಟ್ರೀಯ ಪರಮಪ್ರಸಾದ ಸಮ್ಮೇಳನ ನಡೆದಿತ್ತು. ಅವತ್ತಿನ ಜನಸಾಗರದ ಬಗ್ಗೆ, ಹೋಗುವಾಗ ಅವರು ತಮ್ಮ ಕಾರನ್ನು ಮದರ್ ತೆರೇಸಾಗೆ ಕೊಟ್ಟುಹೋದದ್ದರ ಬಗ್ಗೆ ಹಿರಿಯರು ಈಗಲೂ ಹೇಳುತ್ತಾರೆ. ಅವರು ಬರುವುದಕ್ಕೆ ಹನ್ನೊಂದು ದಿನ ಮೊದಲು, ನವೆಂಬರ್ 21ರಂದು, ಎರಡನೇ ವ್ಯಾಟಿಕನ್ ಮಹಾಸಭೆಯ ‘ಲೂಮೆನ್ ಜೆಂಟಿಯುಮ್’ ಎಂಬ ದಸ್ತಾವೇಜಿಗೆ ಇದೇ ಪೋಪ್ ಅಂಕಿತ ಹಾಕಿದ್ದರು. ಅದರ ಒಂದು ಇಡೀ ಅಧ್ಯಾಯ ಹೇಳುವುದು ಇದನ್ನೇ: ಪಾವಿತ್ರ್ಯದ ಕರೆ ಎಲ್ಲರಿಗೂ, ಸಂಸಾರಿಗೂ, ಕೂಲಿಗೂ, ವಿಧವೆಗೂ, ರೋಗಿಗೂ. ಯಾವ ವರ್ಗಕ್ಕೂ ರಿಯಾಯಿತಿ ಇಲ್ಲ. ನಾವು ಕಾರನ್ನು ನೆನಪಿಟ್ಟುಕೊಂಡೆವು, ದಸ್ತಾವೇಜನ್ನು ಮರೆತೆವು.

ಬೆಳೆಯದ ವಿಶ್ವಾಸ ಯಾರಿಗೂ ತೊಂದರೆ ಕೊಡದೆ ಮೂಲೆಯಲ್ಲಿ ಕುಳಿತಿರುತ್ತದೆ ಎಂದುಕೊಂಡವರು 2012ರ ಮಾರ್ಚ್ ತಿಂಗಳನ್ನು ನೆನಪಿಸಿಕೊಳ್ಳಬೇಕು. ವಿಲೆ ಪಾರ್ಲೆಯ ಇರ್ಲಾದಲ್ಲಿ ವೇಲಾಂಕಣಿ ಮಾತೆಯ ಚರ್ಚು. ಅದರ ಬಳಿಯ ಶಿಲುಬೆಯ ಮೇಲಿದ್ದ ಕ್ರಿಸ್ತನ ಪಾದದಿಂದ ನೀರು ತೊಟ್ಟಿಕ್ಕತೊಡಗಿತು. ಜನ ಸೇರಿದರು, ಪ್ರಾರ್ಥಿಸಿದರು, ನೀರನ್ನು ತೀರ್ಥದಂತೆ ಹಿಡಿದುಕೊಂಡರು. ಸನಲ್ ಇಡಮರುಕು ಎಂಬ ವಿಚಾರವಾದಿ ಬಂದು ನೋಡಿ, ಹತ್ತಿರದ ಶೌಚಾಲಯದ ಕಡೆಯ ಕಟ್ಟಿಕೊಂಡ ಚರಂಡಿಯ ನೀರು ಗೋಡೆ, ಕಲ್ಲಿನ ಸಣ್ಣ ಸಂದುಗಳ ಮೂಲಕ ಮೇಲೇರಿ ಪಾದದ ಹತ್ತಿರ ಹೊರಬರುತ್ತಿದೆ ಎಂದರು. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆದುಕೊಳ್ಳುವುದೂ ಹೀಗೆಯೇ. ಚರ್ಚಿನ ಅಧಿಕಾರಿಗಳು ಅದನ್ನು ಪವಾಡವೆಂದು ಘೋಷಿಸಿರಲಿಲ್ಲ ಎಂಬುದನ್ನು ಹೇಳಲೇಬೇಕು. ಆದರೂ ಟಿವಿ ಚರ್ಚೆಯಲ್ಲಿ ಮಾತಿಗೆ ಮಾತು ಬೆಳೆದು, ಕೆಲವು ಕ್ರೈಸ್ತ ಗುಂಪುಗಳು ಧಾರ್ಮಿಕ ಭಾವನೆ ಕೆರಳಿಸಿದ ಆರೋಪದ 295ಎ ಕಲಮಿನಡಿ ಪೊಲೀಸರಿಗೆ ದೂರು ಕೊಟ್ಟವು. ಆ ಮನುಷ್ಯ ಅದೇ ವರ್ಷ ಫಿನ್ಲೆಂಡಿಗೆ ಹೋದರು. ಬಂಧನದ ಭಯದಿಂದ ವರ್ಷಗಟ್ಟಲೆ ತಾಯ್ನಾಡಿಗೆ ಮರಳಲಾಗಲಿಲ್ಲ.

ಇಡಮರುಕು ಅವರ ಮಾತಿನ ಧಾಟಿ ನನಗೂ ಹಿತವೆನಿಸಿರಲಿಲ್ಲ. ಅದು ಬೇರೆ ಪ್ರಶ್ನೆ. ಲೂರ್ದಿನ ಕಥೊಲಿಕ ಯಾತ್ರಾಸ್ಥಳದಲ್ಲೇ ವೈದ್ಯರ ಒಂದು ಕಚೇರಿ ಇದೆ. ಗುಣವಾಯಿತು ಎಂದು ಬಂದವರನ್ನು ಮೊದಲು ಅನುಮಾನದಿಂದ ನೋಡುವುದೇ ಅದರ ಕೆಲಸ. ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲದಲ್ಲಿ ಸಾವಿರಾರು ಜನ ಹೇಳಿಕೊಂಡದ್ದರಲ್ಲಿ ಚರ್ಚು ಅಧಿಕೃತವಾಗಿ ಪವಾಡವೆಂದು ಒಪ್ಪಿದ್ದು 70ರ ಆಸುಪಾಸು ಮಾತ್ರ. ಚರ್ಚಿನ ವಿಧಾನವೇ ಹೀಗಿರುವಾಗ, ಅನುಮಾನಿಸಿದ ಒಬ್ಬನ ಮೇಲೆ ಪೊಲೀಸರನ್ನು ಬಿಡುವ ಕ್ರೈಸ್ತ ಎಲ್ಲಿಂದ ಬಂದ? ಹತ್ತನೇ ಕ್ಲಾಸಿಗೇ ಪುಸ್ತಕ ಮುಚ್ಚಿದಲ್ಲಿಂದ ಬಂದ. ಚರಂಡಿಯ ನೀರಿನಿಂದ ಅಲುಗುವ ವಿಶ್ವಾಸಕ್ಕೆ ಕಾನೂನಿನ ಕಾವಲು ಬೇಕಾಗುತ್ತದೆ.

ಇದೇ ನಗರದಲ್ಲಿ, ಇದಕ್ಕೆ 123 ವರ್ಷ ಮೊದಲು, ನಮ್ಮ ಸೀಮೆಯ ಮಣ್ಣಿನಿಂದ ಹೋದ ಒಬ್ಬ ಹೆಣ್ಣುಮಗಳು ಇನ್ನೊಂದು ಬಗೆಯ ವಿಶ್ವಾಸವನ್ನು ಬದುಕಿ ತೋರಿಸಿದ್ದರು. ಪಂಡಿತಾ ರಮಾಬಾಯಿ. ಅವರನ್ನು ಮಹಾರಾಷ್ಟ್ರದವರೆಂದು ಬಿಟ್ಟುಕೊಟ್ಟಿದ್ದೇವೆ. ಹುಟ್ಟಿದ್ದು ತುಂಗಾ ಭದ್ರಾ ನೇತ್ರಾವತಿಗಳು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ, 1858ರ ಏಪ್ರಿಲ್ 23ರಂದು. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಎದುರಾದ ವಿರೋಧವನ್ನು ಬೆನ್ನಿಗಿಟ್ಟುಕೊಂಡು ಕಾಡಿನಲ್ಲಿ ಮನೆ ಕಟ್ಟಿದವರು. ಆಮೇಲೆ ಕುಟುಂಬ ತೀರ್ಥಕ್ಷೇತ್ರದಿಂದ ತೀರ್ಥಕ್ಷೇತ್ರಕ್ಕೆ ಪುರಾಣ ಓದುತ್ತಾ ನಡೆಯಿತು. ಬರಗಾಲದ ಹಸಿವಿನಲ್ಲಿ ತಂದೆತಾಯಿ ತೀರಿಕೊಂಡರು. ಅಣ್ಣನ ಜೊತೆ ದೇಶ ಸುತ್ತಿ ಕಲ್ಕತ್ತೆಗೆ ಹೋದಾಗ ಅಲ್ಲಿಯ ವಿದ್ವಾಂಸರು ಆ ಇಪ್ಪತ್ತರ ಹುಡುಗಿಗೆ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದು ಕೊಟ್ಟರು. ಮದುವೆಯಾಗಿ ಎರಡು ವರ್ಷದೊಳಗೆ ವಿಧವೆ, ಕೈಯಲ್ಲಿ ಕೂಸು. 1883ರಲ್ಲಿ ಇಂಗ್ಲೆಂಡಿಗೆ ಹೋದರು. ಅದೇ ಸೆಪ್ಟೆಂಬರ್ 29ರಂದು ವಾಂಟೇಜಿನಲ್ಲಿ ದೀಕ್ಷಾಸ್ನಾನ ಪಡೆದರು.

ಮತಾಂತರದ ಕಥೆ ಹೇಳುವವರು, ಪರವಾಗಿರಲಿ ವಿರುದ್ಧವಾಗಿರಲಿ, ಇಲ್ಲಿಗೆ ನಿಲ್ಲಿಸುತ್ತಾರೆ. ಒಬ್ಬರಿಗೆ ಇದು ಗೆಲುವು, ಇನ್ನೊಬ್ಬರಿಗೆ ನಷ್ಟ. ಇಬ್ಬರೂ ಸರ್ಟಿಫಿಕೇಟು ನೋಡುವವರೇ. ರಮಾಬಾಯಿಯವರ ನಿಜವಾದ ಕಥೆ ಅಲ್ಲಿಂದ ಮುಂದೆ ಶುರುವಾಗುತ್ತದೆ.

ದೀಕ್ಷೆ ಕೊಟ್ಟ ಕನ್ಯಾಮಠದ ಸಿಸ್ಟರ್ ಜೆರಾಲ್ಡೀನ್ ಜೊತೆ ಅವರ ಪತ್ರ ಜಗಳ ಆರಂಭವಾಯಿತು. ತ್ರಿಯೇಕ ದೇವರ ತತ್ತ್ವ ಹೇಳಿಕೊಟ್ಟಂತೆಯೇ ಒಪ್ಪಬೇಕೇ? ಬಿಷಪರು ಹೇಳಿದ್ದೇ ದೇವರ ಮಾತೇ? ಕೊರಳಿನ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಯಾಕೆ, ಸಂಸ್ಕೃತ ಯಾಕಾಗಬಾರದು? ಸಂಸ್ಕೃತ ದೇವಭಾಷೆ ಎಂದು ಅವರು ವಾದಿಸಲಿಲ್ಲ. ಅದು ನನ್ನ ದೇಶದ ಹಳೆಯ, ಚೆಂದದ ಭಾಷೆ ಎಂಬುದಷ್ಟೇ ಅವರ ಕಾರಣ. ಮೊಟ್ಟೆ ಹಾಕಿದ ಪುಡ್ಡಿಂಗ್ ತಿನ್ನಲೊಲ್ಲೆ ಎಂದರೆ ಅದಕ್ಕೂ ಜಾತಿಯ ಅಹಂಕಾರ ಎಂಬ ಆರೋಪ. ಗಂಡು ವಿದ್ಯಾರ್ಥಿಗಳಿಗೆ ಅವರು ಪಾಠ ಹೇಳಬಹುದೇ ಎಂಬ ಪ್ರಶ್ನೆ ಬಂದಾಗ ಬೊಂಬಾಯಿಯ ಬಿಷಪರೂ ಕೂಡದೆಂದರು. ರಮಾಬಾಯಿ ಪ್ರತಿಯೊಂದಕ್ಕೂ ಉತ್ತರ ಬರೆದರು. ಒಂದು ನೊಗ ಇಳಿಸಿ ಬಂದವಳು ಇನ್ನೊಂದಕ್ಕೆ ಕುತ್ತಿಗೆ ಒಡ್ಡಲಾರೆ ಎಂಬುದು ಆ ಉತ್ತರಗಳ ಒಟ್ಟು ಧಾಟಿ. ಇವತ್ತು ನಮ್ಮ ಯಾವ ಪ್ಯಾರಿಶಿನಲ್ಲಾದರೂ ಹೊಸದಾಗಿ ಸೇರಿದ ಹೆಣ್ಣುಮಗಳು ಇಂಥ ಪ್ರಶ್ನೆ ಕೇಳಿದರೆ ‘ಶ್ರದ್ಧೆ ಕಡಿಮೆ’ ಎಂದು ಪಿಸುಗುಡುವವರು ಎಷ್ಟು ಜನ ಎಂದು ಲೆಕ್ಕ ಹಾಕಿ.

1889ರ ಮಾರ್ಚ್ 11ರಂದು ಬೊಂಬಾಯಿಯ ಚೌಪಾಟಿಯಲ್ಲಿ ಅವರು ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಮೊದಮೊದಲು ಬಂದವರಲ್ಲಿ ಗೋದುಬಾಯಿ ಎಂಬ ಬಾಲವಿಧವೆ. ಮುಂದೆ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾದವರು ಅವರೇ. ಹೊರಗಿನಿಂದ ನೋಡಿದರೆ ರಮಾಬಾಯಿಯವರ ಬದುಕು ಸಾರ್ಥಕ: ಹೆಸರಿದೆ, ಅಮೆರಿಕದಿಂದ ಬಂದ ನೆರವಿದೆ, ಪುಸ್ತಕ ಬರೆದಾಗಿದೆ. ಒಳಗೆ ಅವರಿಗೆ ಸಮಾಧಾನವಿರಲಿಲ್ಲ. ದೀಕ್ಷೆಯಾಗಿ ಸುಮಾರು ಎಂಟು ವರ್ಷದ ಮೇಲೆ, 1891ರ ಹೊತ್ತಿಗೆ, ತನಗೆ ಇಷ್ಟು ದಿನ ಸಿಕ್ಕಿದ್ದು ಕ್ರೈಸ್ತ ಮತ ಮಾತ್ರ, ಕ್ರಿಸ್ತ ಇನ್ನೂ ಸಿಕ್ಕಿಲ್ಲ ಎಂಬುದು ಅವರಿಗೆ ಮನವರಿಕೆಯಾಯಿತು. ಇದನ್ನು ಅವರು ಮುಚ್ಚಿಡಲಿಲ್ಲ, ಸಾಕ್ಷ್ಯವಾಗಿ ಬರೆದು ಪ್ರಕಟಿಸಿದರು. ಲೋಕಪ್ರಸಿದ್ಧ ಮತಾಂತರಿತೆ, ತನ್ನ ಮತಾಂತರ ಅರೆಬರೆ ಆಗಿತ್ತು ಎಂದು ಹೇಳುವುದಕ್ಕೆ ಎಂಥ ಗುಂಡಿಗೆ ಬೇಕು. ಸದನದ ಮೇಲೆ ಕಣ್ಣಿಟ್ಟಿದ್ದ ಪುಣೆಯ ಪತ್ರಿಕೆಗಳೂ, ಹಣ ಕೊಡುತ್ತಿದ್ದ ಅಮೆರಿಕದ ಮಂದಿಯೂ ಅದನ್ನು ಓದುವವರೇ ಆಗಿದ್ದರು.

ಅಲ್ಲಿಗೂ ಅವರು ನಿಲ್ಲಲಿಲ್ಲ. 1896-97ರ ಬರದಲ್ಲಿ ಮಧ್ಯ ಪ್ರಾಂತ್ಯಗಳಿಗೆ ಹೋಗಿ ಅನಾಥ ಹುಡುಗಿಯರನ್ನು ಕರೆತಂದರು. ಮೊದಲು ಮೇಲ್ಜಾತಿಯ ವಿಧವೆಯರಿಗೆಂದು ಆರಂಭವಾದ ಕೆಲಸ ಕೇಡಗಾಂವಿನ ಮುಕ್ತಿ ಸದನದಲ್ಲಿ ಯಾವ ಜಾತಿಯೆಂದು ಕೇಳದೆ ಎಲ್ಲರಿಗೂ ತೆರೆದುಕೊಂಡಿತು. ನಾನು ಬೆಳವಣಿಗೆ ಎನ್ನುವುದು ಇದನ್ನು. 1905ರಲ್ಲಿ ಅಲ್ಲಿ ದೊಡ್ಡ ಪ್ರಾರ್ಥನಾ ಉಜ್ಜೀವನ ನಡೆಯಿತು. ಅದರ ಅಬ್ಬರದ ವರ್ಣನೆಗಳು ನನಗೆ ಅಷ್ಟು ಹಿಡಿಸುವುದಿಲ್ಲ. ನನಗೆ ಹೆಚ್ಚು ಹಿಡಿಸುವುದು ಅದೇ ಕಾಲದಲ್ಲಿ, ನಡುವಯಸ್ಸು ದಾಟುತ್ತಿದ್ದ ಆ ಹೆಂಗಸು ಹೀಬ್ರೂ, ಗ್ರೀಕ್ ಕಲಿಯಲು ಕುಳಿತದ್ದು. ಪಂಡಿತರ ಸಂಸ್ಕೃತಮಯ ಮರಾಠಿ ಬೇಡ, ಓದುಬರಹ ಅಷ್ಟಾಗಿ ಬಾರದ ಹೆಂಗಸರಿಗೆ ಅರ್ಥವಾಗುವ ಬೈಬಲ್ ಬೇಕು ಎಂದು ಮೂಲದಿಂದ ಅನುವಾದಕ್ಕೆ ಕೈಹಾಕಿದರು. ಸಂಸ್ಕೃತಕ್ಕಾಗಿ ಜಗಳವಾಡಿದ ‘ಸರಸ್ವತಿ’ಯೇ ಹೀಗೆ ಹಳ್ಳಿಯ ಮರಾಠಿಗೆ ಇಳಿದರು. 1912ರಲ್ಲಿ ನಮ್ಮ ಗುಲ್ಬರ್ಗದಲ್ಲೂ ಶಾಲೆ ತೆರೆದರು, ಮಗಳು ಮನೋರಮಾ ಅದರ ಹೊಣೆ ಹೊತ್ತರು. 1921ರಲ್ಲಿ ಆ ಮಗಳು ತೀರಿಕೊಂಡಳು. 1922ರ ಏಪ್ರಿಲ್ 5ರಂದು ತಾಯಿ. ಸಾಯುವವರೆಗೂ ಕೈಯಲ್ಲಿ ಅದೇ ಬೈಬಲಿನ ಕೆಲಸವಿತ್ತು.

ರಮಾಬಾಯಿ ಅಸಾಮಾನ್ಯರು, ನಮ್ಮಂಥವರ ಕಥೆಯೇನು ಎನ್ನುವವರಿಗೆ ಲಕ್ಷ್ಮೀಬಾಯಿ ತಿಲಕರನ್ನು ತೋರಿಸುತ್ತೇನೆ. ಅವರ ಗಂಡ, ಕವಿ ನಾರಾಯಣ ವಾಮನ ತಿಲಕರು ದೀಕ್ಷೆ ಪಡೆದದ್ದು ಇದೇ ಬೊಂಬಾಯಿಯಲ್ಲಿ, 1895ರ ಫೆಬ್ರವರಿ 10ರಂದು. ಹೆಂಡತಿಗೆ ಅದು ಸಿಡಿಲು. ಶಾಲೆಯ ಮುಖ ನೋಡಿರದ, ಮಡಿಯ ಮನೆಯಲ್ಲಿ ಬೆಳೆದ ಹೆಂಗಸು. ಗಂಡನ ಜೊತೆ ಬಾಳತೊಡಗಿದ ಮೇಲೂ ಬೇರೆ ಅಡುಗೆ, ಬೇರೆ ನೀರು. ಸುಮಾರು ಐದು ವರ್ಷದ ಮೇಲೆ ತಾವೂ ದೀಕ್ಷೆ ಪಡೆದರು. ಮಡಿ ಹೇಗೆ ಒಂದೊಂದೇ ಪದರವಾಗಿ ಕಳಚಿತು ಎಂಬುದನ್ನು ‘ಸ್ಮೃತಿಚಿತ್ರೆ’ಯಲ್ಲಿ ನಗುತ್ತಾ ನಗಿಸುತ್ತಾ ಬರೆದಿದ್ದಾರೆ. ಗಂಡ ಒಂದೇ ಜಿಗಿತಕ್ಕೆ ದಾಟಿದ ಹೊಳೆಯನ್ನು ಅವರು ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟಿದರು. ಗಂಡನೂ ಅಲ್ಲಿಗೇ ನಿಲ್ಲಲಿಲ್ಲ ಎನ್ನಿ: 1917ರಲ್ಲಿ ಮಿಷನ್ನಿನ ಸಂಬಳದ ಕೆಲಸ ಬಿಟ್ಟು, ದೀಕ್ಷೆ ಪಡೆದವರೂ ಪಡೆಯದವರೂ ಕೂಡಿ ಕೂರುವ ‘ದೇವಾಚಾ ದರಬಾರ’ ಕಟ್ಟಿದರು. 1919ರ ಮೇ 9ರಂದು ಬೊಂಬಾಯಿಯಲ್ಲೇ ತೀರಿಕೊಂಡರು. ಅವರು ಅರ್ಧದಲ್ಲಿ ಬಿಟ್ಟ ‘ಖ್ರಿಸ್ತಾಯನ’ ಕಾವ್ಯದ ಬಹುಪಾಲು ಬರೆದು ಮುಗಿಸಿದವರು ಆ ಶಾಲೆ ಕಾಣದ ಹೆಂಡತಿ.

ಈಗ ಒಂದು ಆಕ್ಷೇಪ ಬರುತ್ತದೆ, ಅದಕ್ಕೆ ನಾನು ತಲೆಬಾಗುತ್ತೇನೆ, ಆದರೆ ಸೋಲುವುದಿಲ್ಲ. ‘ನಮ್ಮ ಅಜ್ಜಿಗೆ ಹೀಬ್ರೂ ಬರುತ್ತಿರಲಿಲ್ಲ. ದಿನಾ ಸಂಜೆ ತೇರ್ಸು ಹೇಳುತ್ತಿದ್ದಳು, ಸಂತಳಂತೆ ಸತ್ತಳು. ಸಾಲದೆ?’ ಸಾಕು, ಧಾರಾಳವಾಗಿ ಸಾಕು. ಜಪಮಾಲೆಯನ್ನು ಐವತ್ತು ವರ್ಷ ಹಿಡಿದ ಅಜ್ಜಿಯ ಕೈ ಮೊದಲ ದಿನ ಇದ್ದಂತೆ ಕೊನೆಯ ದಿನ ಇರಲಿಲ್ಲ. ಮೊದಲು ಮಳೆಗಾಗಿ, ಗಂಡನ ಕುಡಿತ ಬಿಡಿಸುವುದಕ್ಕಾಗಿ ಬೇಡಿದಳು. ಮಳೆ ಕೆಲವು ಸಲ ಬಂತು, ಕುಡಿತ ನಿಲ್ಲಲೇ ಇಲ್ಲ. ಕೊನೆಗೆ ತನ್ನ ಮನೆಯವರ ಹೆಸರುಗಳ ಜೊತೆ ಜಗಳವಾಡಿದ ನೆರೆಯವಳ ಹೆಸರನ್ನೂ ಸೇರಿಸಿ ಹೇಳುವಷ್ಟಕ್ಕೆ ಬಂದಳು. ಅದು ದೂರದ ಪ್ರಯಾಣ. ಅಜ್ಜಿಯ ಹೆಸರು ಹೇಳಿಕೊಂಡು ತಪ್ಪಿಸಿಕೊಳ್ಳುವ ನಾವು ಅವಳ ತೇರ್ಸನ್ನೂ ಹೇಳುವುದಿಲ್ಲ, ಅವಳ ನೆರೆಯವಳನ್ನೂ ಕ್ಷಮಿಸಿಲ್ಲ.

ಮಾಹಿಮಿನ ಬುಧವಾರದ ನೊವೆನಾವನ್ನು ಹಾಸ್ಯ ಮಾಡುವ ಬುದ್ಧಿವಂತರ ಸಾಲಿಗೂ ನಾನು ಸೇರುವುದಿಲ್ಲ. ಸಂತ ಮೈಕೆಲರ ಆ ಚರ್ಚಿನಲ್ಲಿ 1948ರಿಂದ ನಡೆದುಕೊಂಡು ಬಂದ ಪ್ರಾರ್ಥನೆ ಅದು. ಹಿಂದೂಗಳು, ಮುಸ್ಲಿಮರು, ಪಾರ್ಸಿಗಳು, ಎಲ್ಲರೂ ಬರುತ್ತಾರೆ. ಬಾಂದ್ರಾದ ಮೌಂಟ್ ಮೇರಿಯ ಹೊರಗೆ ಮೇಣದ ಕೈ, ಮೇಣದ ಕಾಲು, ಮೇಣದ ಕೂಸು, ಮೇಣದ ಮನೆ ಮಾರುತ್ತಾರೆ. ಯಾವುದು ಬೇಕೋ ಅದನ್ನು ಕೊಂಡು ಮಾತೆಯ ಮುಂದೆ ಇಡುವುದು. ಒಂದು ಖೋಲಿಗೆ ಇಡೀ ಆಯುಷ್ಯ ಸವೆಸುವ ನಗರದಲ್ಲಿ ಮೇಣದ ಮನೆಯನ್ನು ಯಾರು ನಗಲು ಸಾಧ್ಯ? ಬೇಡುವುದು ಪ್ರಾರ್ಥನೆಯ ಅಂಗಳ. ನನ್ನ ಜಗಳ ಏನಿದ್ದರೂ ಅಂಗಳದಲ್ಲೇ ಮೂವತ್ತು ವರ್ಷ ನಿಂತವನ ಜೊತೆ, ಅವನನ್ನು ಒಳಗೆ ಕರೆಯದ ಪಾದ್ರಿಯ ಜೊತೆ. ಮನೆ ಸಿಕ್ಕಿದ ಮೇಲೆ ಆ ಮನೆಯನ್ನು ಮುಸ್ಲಿಂ ಕುಟುಂಬಕ್ಕೆ ಬಾಡಿಗೆಗೆ ಕೊಡುತ್ತೀಯಾ ಎಂದು ಪ್ರವಚನದಲ್ಲಿ ಯಾರೂ ಕೇಳುವುದಿಲ್ಲ.

ಸಮಯವಿಲ್ಲ ಎಂಬ ದೂರನ್ನು ನಾನು ಹೆಚ್ಚು ಹೊತ್ತು ಕೇಳಲಾರೆ. ವಿರಾರಿನ ಲೋಕಲ್ಲಿನಲ್ಲಿ ನೇತಾಡುತ್ತಾ ಭಜನೆ ಹೇಳುವವರನ್ನು ಈ ನಗರ ದಿನವೂ ನೋಡುತ್ತದೆ. ಸಂಜೆಯ ಎಂಬಿಎಗೆ ನಮಗೆ ಸಮಯವಿತ್ತು.

ಇನ್ನೊಂದು ಗುಂಪು ನನ್ನ ಮಾತಿಗೆ ತಕ್ಷಣ ತಲೆದೂಗುತ್ತದೆ, ಅದು ನನಗೆ ಹೆಚ್ಚು ಕಸಿವಿಸಿ. ‘ಹೌದು, ಬೆಳವಣಿಗೆ ಬೇಕು! ನಮ್ಮ ಸಭೆ ನೋಡಿ, ಎರಡು ವರ್ಷದಲ್ಲಿ ಮೂರು ಪಟ್ಟಾಗಿದೆ.’ ಬಾಡಿಗೆಯ ಹಾಲು, ಕೀಬೋರ್ಡು, ಡ್ರಮ್ಮು, ಎಲ್ಇಡಿ ಪರದೆ, ಕೊನೆಗೆ ಪಾಸ್ಟರ್ ಹೊಸ ಕಾರು ಕೊಂಡ ಸಾಕ್ಷ್ಯ. ನಮ್ಮ ಕಥೊಲಿಕರಲ್ಲಿ ಇದರ ಇನ್ನೊಂದು ರೂಪವಿದೆ: ವರ್ಷಕ್ಕೊಮ್ಮೆ ಐದು ದಿನದ ರಿಟ್ರೀಟು. ಅತ್ತು, ಕೈ ಮೇಲೆತ್ತಿ, ಹಗುರಾಗಿ ಬಂದು, ಮುಂದಿನ ಸೋಮವಾರ ಮನೆಗೆಲಸದ ಬಾಯಿಯ ಸಂಬಳದಲ್ಲಿ ರಜೆಯ ದುಡ್ಡು ಕತ್ತರಿಸುವುದು. ಆ ಕಣ್ಣೀರು ಸುಳ್ಳಲ್ಲ. ಅದನ್ನು ಬೆಳವಣಿಗೆಯೆಂದು ಲೆಕ್ಕಕ್ಕೆ ಬರೆಯುವುದು ಸುಳ್ಳು.

ಕನ್ನಡದಲ್ಲಿ ಓದುವ ನಮಗೆ ಇದನ್ನು ಹೊರಗಿನಿಂದ ಯಾರೂ ಕಲಿಸಬೇಕಾಗಿಲ್ಲ. ಶರಣರ ಷಟ್‌ಸ್ಥಲದಲ್ಲಿ ಭಕ್ತ ಎನ್ನುವುದು ಮೊದಲ ಮೆಟ್ಟಿಲು. ಅದರಾಚೆ ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ. ಲಿಂಗದೀಕ್ಷೆಯಾದ ಮಾತ್ರಕ್ಕೆ ಮುಗಿಯಿತು ಎಂದು ಅವರು ಯಾರೂ ಹೇಳಲಿಲ್ಲ. ನಾಲ್ಕು ಶತಮಾನದ ನಂತರ ಸ್ಪೇನಿನಲ್ಲಿ ಆವಿಲಾದ ಸಂತ ತೆರೇಸಾ ಆತ್ಮವನ್ನು ಏಳು ಅಂತಸ್ತಿನ ಕೋಟೆಯಂತೆ ಕಂಡರು, ಬಹುತೇಕ ಜನ ಹೊರಗಿನ ಕೋಣೆಗಳಲ್ಲೇ ಉಳಿಯುತ್ತಾರೆಂದು ಮರುಗಿದರು. ಮಂಗಳೂರಿನ ಬಾಸೆಲ್ ಮಿಷನ್ನಿನವರು ಕನ್ನಡಕ್ಕೆ ಮೊದಲೇ ತಂದುಕೊಂಡ ಪುಸ್ತಕಗಳಲ್ಲಿ ಬನಿಯನ್ನನ ಯಾತ್ರಿಕನ ಕಥೆಯೂ ಒಂದು. ಅದರಲ್ಲಿ ಯಾತ್ರಿಕ ಶಿಲುಬೆಯ ಬಳಿ ಭಾರ ಇಳಿಸುವುದು ದಾರಿಯ ಆರಂಭದಲ್ಲೇ. ಕೆಸರು, ಸಂತೆ, ಸೆರೆಮನೆ ದಾರಿಯುದ್ದಕ್ಕೂ ಬರುತ್ತಲೇ ಇರುತ್ತವೆ. ಇಷ್ಟು ಆಸ್ತಿಯಿದ್ದೂ ನಾವು ನಮ್ಮ ಮಕ್ಕಳಿಗೆ ಮೂರು ಸರ್ಟಿಫಿಕೇಟು ಕೊಟ್ಟು ಕೈತೊಳೆದುಕೊಳ್ಳುತ್ತೇವೆ.

ಬೆಳೆದಿದ್ದೇವೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಪೌಲ ಮಾಡಿದಂತೆ ಜಗಳಗಳನ್ನು ನೋಡಬೇಕು, ಜೊತೆಗೆ ಮದುವೆಯ ಜಾಹೀರಾತುಗಳನ್ನೂ. ಗೋವಾ, ಮಂಗಳೂರು ಮೂಲದ ಕಥೊಲಿಕರ ವೈವಾಹಿಕ ಅಂಕಣಗಳಲ್ಲಿ ‘ಬಾಮಣ್ ಮನೆತನ’ದ ಹುಡುಗನಿಗೆ ಅದೇ ಮನೆತನದ ಹುಡುಗಿ ಬೇಕೆಂಬ ಸಾಲು ಇಂದಿಗೂ ಸತ್ತಿಲ್ಲ. ಪೂರ್ವಜರು ಮತ ಬದಲಿಸಿ ನಾಲ್ಕು ಶತಮಾನ ದಾಟಿತು. ನಾಲ್ಕು ಶತಮಾನದಲ್ಲಿ ಯೇಸುವಿನ ವಿಶ್ವಾಸ ಆ ಒಂದು ಪದವನ್ನು ಅಳಿಸಲಾಗಲಿಲ್ಲ. ಲಕ್ಷ್ಮೀಬಾಯಿ ತಿಲಕರು ಕೆಲವೇ ವರ್ಷದಲ್ಲಿ ಕಳಚಿದ್ದನ್ನು ನಾವು ಇಸ್ತ್ರಿ ಮಾಡಿ ತೊಡುತ್ತಿದ್ದೇವೆ. ಇಂಥ ಜಾಹೀರಾತು ಕೊಟ್ಟ ತಂದೆ ಭಾನುವಾರ ಪರಮಪ್ರಸಾದ ಹಂಚುವವನೂ ಆಗಿರಬಹುದು. ಅವನನ್ನು ಕೇಳಿದರೆ ‘ಇದರಲ್ಲಿ ವಿಶ್ವಾಸದ ಪ್ರಶ್ನೆ ಎಲ್ಲಿಂದ ಬಂತು?’ ಎಂದು ನಿಜವಾಗಿಯೂ ಆಶ್ಚರ್ಯಪಡುತ್ತಾನೆ. ದೊತೊರ್ನಿನ ಪುಸ್ತಕದಲ್ಲಿ ಆ ಪ್ರಶ್ನೆ ಇರಲಿಲ್ಲ, ಅದರಾಚೆ ಅವನು ಏನನ್ನೂ ಓದಲಿಲ್ಲ.

ಬೆಳೆಯುತ್ತಲೇ ಹೋದ ಒಬ್ಬ ಮುದುಕರು ಈ ನಗರದಲ್ಲೇ ತೀರಿಕೊಂಡರು. ಫಾದರ್ ಸ್ಟ್ಯಾನ್ ಸ್ವಾಮಿ. ಬೆಂಗಳೂರಿನ ಹಳಬರಿಗೆ ಅವರು ಗೊತ್ತು, 1975ರಿಂದ 1986ರವರೆಗೆ ಅಲ್ಲಿಯ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದರು. ಅಲ್ಲೇ ಗೌರವದ ಮುಪ್ಪು ಕಾಣಬಹುದಿತ್ತು. ಆದರೆ ಇಂದಿನ ಝಾರ್ಖಂಡಿಗೆ ಹೋದರು, ಆದಿವಾಸಿಗಳ ಜಮೀನು, ವಿಚಾರಣೆಯಿಲ್ಲದೆ ಜೈಲಿನಲ್ಲಿ ಕೊಳೆಯುವ ಆದಿವಾಸಿ ಹುಡುಗರು, ಇವೇ ಅವರ ಧ್ಯಾನದ ವಿಷಯವಾದವು. 2020ರ ಅಕ್ಟೋಬರ್ 8ರಂದು, 83ನೇ ವಯಸ್ಸಿನಲ್ಲಿ, ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಬಂಧಿಸಿ ನವಿ ಮುಂಬಯಿಯ ತಳೋಜಾ ಜೈಲಿಗೆ ತಂದರು. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗಿ ಲೋಟ ಹಿಡಿಯಲಾಗದೆ, ನೀರು ಕುಡಿಯಲು ಹೀರುಕೊಳವೆಯ ಬಟ್ಟಲಿಗಾಗಿ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕಾಯಿತು. ಆರೋಪಗಳನ್ನು ಅವರು ನಿರಾಕರಿಸಿದ್ದರು, ವಿಚಾರಣೆ ಆರಂಭವೇ ಆಗಲಿಲ್ಲ. 2021ರ ಜುಲೈ 5ರಂದು ಬಾಂದ್ರಾದ ಹೋಲಿ ಫ್ಯಾಮಿಲಿ ಆಸ್ಪತ್ರೆಯಲ್ಲಿ, ಜಾಮೀನಿನ ಅರ್ಜಿ ಇನ್ನೂ ಹೈಕೋರ್ಟಿನ ಮುಂದಿರುವಾಗಲೇ, ಕಣ್ಣು ಮುಚ್ಚಿದರು.

ಜೈಲಿನಿಂದ ಬರೆದ ಪತ್ರದಲ್ಲಿ ಅವರು ಸಹಕೈದಿಗಳು ತನಗೆ ಊಟ ಮಾಡಿಸುವುದನ್ನು, ಸ್ನಾನ ಮಾಡಿಸುವುದನ್ನು ಸಂತೋಷದಿಂದ ಹೇಳಿಕೊಂಡಿದ್ದರು. ತಮ್ಮ ಮೇಲಿನ ಆರೋಪ ಏನೆಂದೇ ತಿಳಿಯದ ಬಡ ಕೈದಿಗಳ ಬಗ್ಗೆಯೂ ಬರೆದಿದ್ದರು. ದೂರಿಗಿಂತ ಕೃತಜ್ಞತೆ ಹೆಚ್ಚು. ನಡುಗುವ ಕೈಯ ಮುದುಕರೊಬ್ಬರು ಜೈಲಿನೊಳಗಿಂದ ಹಾಗೆ ಬರೆಯಬೇಕಾದರೆ ಅದಕ್ಕೆ ಅರವತ್ತು ಎಪ್ಪತ್ತು ವರ್ಷದ ತಯಾರಿ ಬೇಕು, ದೃಢೀಕರಣದ ತೈಲ ಒಂದೇ ಸಾಲದು. ಬಾಂದ್ರಾದ ಸೈಂಟ್ ಪೀಟರ್ಸ್ ಚರ್ಚಿನಲ್ಲಿ ಅಂತಿಮ ಪೂಜೆ ನಡೆದಾಗ ಕೋವಿಡ್ ನಿರ್ಬಂಧದಿಂದಾಗಿ ಒಳಗೆ ಬೆರಳೆಣಿಕೆಯ ಜನ ಇದ್ದರು. ಹೊರಗೆ, ನಮ್ಮ ವಾಟ್ಸಾಪ್ ಗುಂಪುಗಳಲ್ಲಿ, ‘ಪಾದ್ರಿಗೆ ರಾಜಕೀಯ ಯಾಕೆ ಬೇಕಿತ್ತು, ಪ್ರಾರ್ಥನೆ ಮಾಡಿಕೊಂಡಿದ್ದರೆ ಆಗುತ್ತಿರಲಿಲ್ಲವೇ’ ಎಂದವರು ನಮ್ಮವರೇ. ಪ್ರಾರ್ಥನೆ ಮಾಡಿಕೊಂಡಿದ್ದರಿಂದಲೇ ಅಲ್ಲಿಗೆ ತಲುಪಿದರು ಎಂಬುದು ಅವರಿಗೆ ಹೊಳೆಯಲೇ ಇಲ್ಲ. ಎಲ್ಲರೂ ಜೈಲಿಗೆ ಹೋಗಬೇಕು ಎಂದು ನಾನು ಹೇಳುತ್ತಿಲ್ಲ, ಅಷ್ಟು ಧೈರ್ಯ ನನಗೂ ಇಲ್ಲ. ಹೋದವರನ್ನು ಗುರುತಿಸುವಷ್ಟಾದರೂ ಬೆಳೆಯಬೇಕಲ್ಲ.

ಪ್ಯಾರಿಶುಗಳು ಮಾಡಬಹುದಾದದ್ದು ಕಷ್ಟದ್ದೇನೂ ಅಲ್ಲ. ಮಕ್ಕಳಿಗೆ ಹತ್ತು ವರ್ಷ ಧರ್ಮೋಪದೇಶ ಇಟ್ಟ ಹಾಗೆ ದೊಡ್ಡವರಿಗೆ ತಿಂಗಳಿಗೆ ಎರಡು ಭಾನುವಾರ ಇಡಲಿ. ಪ್ರವಚನವನ್ನು ಹನ್ನೆರಡರ ಮಕ್ಕಳಿಗೆ ಹೇಳಿದಂತೆ ಹೇಳುವುದನ್ನು ನಿಲ್ಲಿಸಲಿ. ಪೂಜೆಯ ನಂತರ ಅರ್ಧ ಗಂಟೆ, ಚಹಾದ ಜೊತೆ, ಪಾದ್ರ್ಯಾಬ್ ಕುರ್ಚಿ ಹಾಕಿಕೊಂಡು ಕೂತು ಪ್ರಶ್ನೆ ಕೇಳಿಸಿಕೊಳ್ಳಲಿ, ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಲಿ. ಎಂಬತ್ತರ ದಶಕದಿಂದ ಈ ಧರ್ಮಪ್ರಾಂತ್ಯದಲ್ಲಿ ಕಟ್ಟಿಕೊಂಡು ಬಂದ ಕಿರುಸಮುದಾಯಗಳಿವೆ, ಕಟ್ಟಡಕ್ಕೊಂದು, ಗಲ್ಲಿಗೊಂದು. ಈಗ ಅವು ಹೆಚ್ಚಾಗಿ ಹಬ್ಬದ ವಂತಿಗೆ ಎತ್ತುವುದಕ್ಕೆ, ಮಂಡಪದ ಪಾಳಿ ಹಂಚುವುದಕ್ಕೆ ಬಳಕೆಯಾಗುತ್ತಿವೆ. ಅಲ್ಲೇ ಶುಭಸಂದೇಶ ತೆರೆದು ಓದಬಹುದು, ಓದಿ ಜಗಳವನ್ನೂ ಆಡಬಹುದು.

ಅದಕ್ಕೂ ಕಾಯಲಾಗದವರಿಗೆ: ಮಾರ್ಕನ ಶುಭಸಂದೇಶ ಇರುವುದು ಹದಿನಾರೇ ಅಧ್ಯಾಯ. ಕನ್ನಡದಲ್ಲಿದೆ, ಕೊಂಕಣಿಯಲ್ಲಿದೆ, ಮೊಬೈಲಿನಲ್ಲಿ ಸಿಗುತ್ತದೆ. ಬೋರಿವಲಿಯಿಂದ ಚರ್ಚ್‌ಗೇಟಿಗೆ ಸ್ಲೋ ಗಾಡಿಯಲ್ಲಿ ಹೋಗಿ ಬರುವಷ್ಟರಲ್ಲಿ ಮುಗಿಯುತ್ತದೆ. ದೃಢೀಕರಣದ ನಂತರ ಒಮ್ಮೆಯೂ ಅದನ್ನು ಮೊದಲಿನಿಂದ ಕೊನೆಯವರೆಗೆ ಓದದವರು ಈ ಸೋಮವಾರ ಓದಿ. ಅರ್ಥವಾಗದ ಕಡೆ, ಸಿಟ್ಟು ಬಂದ ಕಡೆ ಗುರುತು ಹಾಕಿಕೊಳ್ಳಿ. ಅಂಜೂರದ ಮರವನ್ನು ಶಪಿಸುವ ಪ್ರಸಂಗದಲ್ಲಿ ನನಗೆ ಈಗಲೂ ಸಿಟ್ಟು ಬರುತ್ತದೆ, ಅಂಜೂರದ ಕಾಲವೇ ಅಲ್ಲದಿದ್ದಾಗ ಮರದ ತಪ್ಪೇನು ಎಂದು.